ದೇವೇಂದ್ರಪ್ಪನ ಹೆಬ್ಬೆರಳು

ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಿದ್ದಾಗ ದೇವೇಂದ್ರಪ್ಪನ ಬಲಗೈಯ ಹೆಬ್ಬೆರಳು ಅವನ ಅಪ್ಪಣೆಯಿಲ್ಲದೆ ಅಲ್ಲಾಡಿತು. ಹೆಚ್ಚೇನಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿಕೊಂಡಿರುವ ಮಾಂಸಖಂಡ, ಗೋಣಿಚೀಲದೊಳಗೆ ಸಿಕ್ಕ ಕಪ್ಪೆಯ ಹಾಗೆ ಒಮ್ಮೆ ಮಿಸುಕಿ ಸುಮ್ಮನಾಯಿತು. ಅವನು ಕತ್ತರಿ ಕೆಳಗಿಟ್ಟು ಕಾದ. ಮತ್ತೆ ಮಿಸುಕಿತು.

ಬೇರೆ ಯಾರಾದರೂ ಆಗಿದ್ದರೆ ಕೈ ಒದರಿಕೊಂಡು, ಹಾಲು ಕಾಯಿಸಿ, ಟೀ ಕುಡಿದು ಮರೆತುಬಿಡುತ್ತಿದ್ದರು. ದೇವೇಂದ್ರಪ್ಪನಿಗೆ ಆ ಸೌಲಭ್ಯ ಇರಲಿಲ್ಲ. ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆಯ ಇಎಂಜಿ ಕೋಣೆಯಲ್ಲಿ ಅವನು ಹತ್ತೊಂಬತ್ತು ವರ್ಷಗಳಿಂದ ಟೆಕ್ನೀಷಿಯನ್. ಮನುಷ್ಯನ ಸ್ನಾಯುಗಳಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಹಿಡಿದು, ಪರದೆಯ ಮೇಲೆ ಗೆರೆಯಾಗಿ, ಸ್ಪೀಕರಿನಲ್ಲಿ ಸದ್ದಾಗಿ ತೋರಿಸುವ ಯಂತ್ರದ ಪಕ್ಕದಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಸ್ನಾಯು ಮೌನವಾಗಿರುತ್ತದೆ. ನರದ ಸಂಬಂಧ ಕಡಿದುಹೋದ ಸ್ನಾಯು ಮಾತ್ರ ಸುಮ್ಮನಿರುವುದಿಲ್ಲ. ತಗಡಿನ ಸೂರಿನ ಮೇಲೆ ಹನಿ ಬಿದ್ದಂತೆ ತನ್ನಷ್ಟಕ್ಕೆ ತಾನು ಪಟಪಟ ಅನ್ನುತ್ತಲೇ ಇರುತ್ತದೆ.

ಕೈ ಹೀಗೆ ಮಿಸುಕುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳೆಂದು ಅವನಿಗೆ ಗೊತ್ತಿತ್ತು. ಹೆಚ್ಚು ಟೀ, ಕಡಿಮೆ ನಿದ್ದೆ, ಒಂದೇ ಕೆಲಸ ಮಾಡಿ ಮಾಡಿ ಬಂದ ದಣಿವು. ಇವು ಮೂರು. ನಾಲ್ಕನೆಯದರಲ್ಲಿ ಬೆನ್ನುಹುರಿಯ ನರಕೋಶಗಳು ಒಂದೊಂದಾಗಿ ಆರುತ್ತ ಹೋಗಿ, ಮೊದಲು ಅಂಗಿಯ ಗುಂಡಿ ಹಾಕಲಾಗದೆ, ಆಮೇಲೆ ತುತ್ತು ನುಂಗಲಾಗದೆ ಮನುಷ್ಯ ಮುಗಿದುಹೋಗುತ್ತಾನೆ. ಆ ನಾಲ್ಕನೆಯದನ್ನು ಅವನು ಹತ್ತೊಂಬತ್ತು ವರ್ಷಗಳಲ್ಲಿ ಅರವತ್ತೆರಡು ಸಲ ನೋಡಿದ್ದ. ಅವರಲ್ಲಿ ಬಹಳ ಮಂದಿ ಒಳಗೆ ಬರುವಾಗ, ‘ಏನಿಲ್ಲ, ಹೆಬ್ಬೆರಳು ಸ್ವಲ್ಪ ಮಿಸುಕ್ತಿದೆ’ ಎಂದೇ ನಗುತ್ತ ಬಂದಿದ್ದರು.

ಗಡಿಯಾರ ಹಿಡಿದು ಎಣಿಸಿದ. ನಿಮಿಷಕ್ಕೆ ಹನ್ನೊಂದು. ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟ. ಅಂಗಿಯ ಗುಂಡಿ ಹಾಕಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದ. ನಲವತ್ತು ಸೆಕೆಂಡು. ಇದು ಹೆಚ್ಚೋ ಕಡಿಮೆಯೋ ತಿಳಿಯುವಂತಿರಲಿಲ್ಲ, ಏಕೆಂದರೆ ಹುಷಾರಾಗಿದ್ದಾಗ ಅಳೆದಿಟ್ಟುಕೊಂಡಿರಲಿಲ್ಲ. ಎಂಥ ಬೇಜವಾಬ್ದಾರಿ ಎಂದು ತನ್ನ ಮೇಲೆ ಸಿಟ್ಟು ಬಂತು. ಎರಡೂ ಅಂಗೈಗಳನ್ನು ಪಕ್ಕಪಕ್ಕ ಹಿಡಿದು ಬಲಗೈ ಸೊರಗಿದೆಯೇ ಎಂದು ನೋಡಿದ. ಒಮ್ಮೆ ಸೊರಗಿದಂತೆ ಕಂಡಿತು, ಇನ್ನೊಮ್ಮೆ ಎಡಗೈಯೇ ಊದಿದಂತೆ ಕಂಡಿತು. ಇಂಥದ್ದನ್ನು ಇನ್ನೊಬ್ಬರು ನೋಡಿ ಹೇಳಬೇಕು. ಈಸ್ಟ್ ಕಿದ್ವಾಯಿ ನಗರದ ಆ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಂಬತ್ತು ವರ್ಷಗಳಿಂದ ಇನ್ನೊಬ್ಬರು ಇರಲಿಲ್ಲ. ಮದುವೆ ಎಂಬುದು ತಂಗಿಯದಾಗಲಿ, ಕೆಲಸ ಕಾಯಂ ಆಗಲಿ, ಕ್ವಾರ್ಟರ್ಸು ಸಿಗಲಿ ಎಂದು ಮುಂದೆ ಹೋಗುತ್ತ ಹೋಗುತ್ತ ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿಬಿಟ್ಟಿತ್ತು.

ಎಂಟು ಗಂಟೆಗೇ ಆಸ್ಪತ್ರೆ ಸೇರಿದ. ಡಾಕ್ಟರು ಬರುವುದು ಒಂಬತ್ತಕ್ಕೆ. ಬಾಗಿಲು ಹಾಕಿಕೊಂಡು, ಯಂತ್ರ ಚಾಲೂ ಮಾಡಿ, ಎಡಗೈಯಿಂದಲೇ ತನ್ನ ಬಲಗೈ ಮೇಲೆ ಅಂಟುಬಿಲ್ಲೆಗಳನ್ನು ಹಚ್ಚಿಕೊಂಡ. ಬೇರೆಯವರ ಕೈಗೆ ಕಣ್ಣು ಮುಚ್ಚಿಕೊಂಡೂ ಹಚ್ಚಬಲ್ಲವನಿಗೆ ತನ್ನ ಕೈ ಎನ್ನುವಷ್ಟರಲ್ಲಿ ಎಲ್ಲ ಓರೆಕೋರೆಯಾಯಿತು. ಕೊನೆಗೆ ಸ್ಪೀಕರಿನ ಗುಂಡಿ ತಿರುಗಿಸಿದ.

ಕೋಣೆ ತುಂಬ ಹಿಟ್ಟಿನ ಗಿರಣಿ ಹೊರಟಂತೆ ಗುಂಯ್ ಎಂಬ ಮೊರೆತ. ಪರದೆಯ ಮೇಲಿನಿಂದ ಕೆಳಗಿನವರೆಗೆ ಗೆರೆಗಳ ದಟ್ಟ ಕಾಡು. ಅರವತ್ತೆರಡರಲ್ಲಿ ಒಬ್ಬರದೂ ಇಷ್ಟು ಕೆಟ್ಟಿರಲಿಲ್ಲ. ತಾನೊಂದು ಹೊಸ ರೋಗವನ್ನೇ ತಂದುಕೊಂಡಿದ್ದೇನೆ, ಇದಕ್ಕಿನ್ನೂ ಹೆಸರಿಟ್ಟಿಲ್ಲ ಎಂದುಕೊಂಡು ಸ್ಟೂಲಿನ ಮೇಲೆ ಕುಸಿದ.

ಮೊರೆತ ಕೇಳಿ ಬಾಗಿಲು ತಳ್ಳಿಕೊಂಡು ಬಂದವಳು ಡಾಕ್ಟರ್ ಸಂಯುಕ್ತಾ. ಮೈಸೂರಿನ ಹುಡುಗಿ, ನರರೋಗದಲ್ಲಿ ಮೇಲಿನ ಓದಿಗೆ ಬಂದು ಎರಡು ವರ್ಷವಾಗಿತ್ತು. ಪರದೆ ನೋಡಿದಳು, ಇವನ ಮುಖ ನೋಡಿದಳು, ಕೈ ನೋಡಿದಳು.

“ದೇವೇಂದ್ರಪ್ಪನವರೇ, ಗ್ರೌಂಡ್ ಎಲ್ಲಿ?”

ಗ್ರೌಂಡ್ ತಂತಿ ಮೊಳೆಗೆ ನೇತುಹಾಕಿದ ಕಡೆಯೇ ಇತ್ತು. ಅದೊಂದನ್ನು ಮೈಗೆ ಹಚ್ಚದಿದ್ದರೆ ಯಂತ್ರಕ್ಕೆ ಕೇಳಿಸುವುದು ಸ್ನಾಯುವಿನ ಸದ್ದಲ್ಲ, ಗೋಡೆಯೊಳಗಿನ ಕರೆಂಟಿನ ಸದ್ದು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಇಷ್ಟು ಹೊತ್ತು ಅವನು ರೋಗವೆಂದು ಕೇಳಿದ್ದು ಆಸ್ಪತ್ರೆಯ ವೈರಿಂಗನ್ನು.

ಅವಳು ನಗಲಿಲ್ಲ. ಅವನ ಕೈ ಹಿಡಿದು ತಿರುಗಿಸಿ ನೋಡಿದಳು, ತನ್ನ ಬೆರಳನ್ನು ಒತ್ತಲು ಹೇಳಿದಳು. ಶಕ್ತಿ ಚೆನ್ನಾಗಿದೆ, ಆದರೂ ಸೂಜಿ ಹಾಕಿ ಒಮ್ಮೆ ಸರಿಯಾಗಿ ನೋಡಿಬಿಡೋಣ, ಎರಡು ಗಂಟೆಗೆ ರೋಗಿಯಾಗಿ ಬನ್ನಿ ಎಂದಳು. ಹೊರಡುವಾಗ ಬಾಗಿಲ ಮೇಲಿನ ಬೋರ್ಡಿನ ಕಡೆ ಕಣ್ಣು ಹಾಯಿಸಿದಳು.

“ಜೊತೆಗೆ ಒಬ್ಬರು ಬರ್ಬೇಕು. ಫಾರಮ್ಮಿಗೆ ಸೈನ್ ಹಾಕೋರು. ನೀವೇ ಮಾಡಿದ ರೂಲ್ಸು.”

ನಿಜ. ಎರಡು ವರ್ಷದ ಹಿಂದೆ ಒಬ್ಬ ರೋಗಿ ಸೂಜಿ ಕಂಡು ತಲೆಸುತ್ತಿ ಬಿದ್ದು, ಅವನನ್ನು ಗಾಜಿಯಾಬಾದಿನವರೆಗೆ ಬಿಟ್ಟುಬರುವ ಕೆಲಸ ದೇವೇಂದ್ರಪ್ಪನ ಪಾಲಿಗೆ ಬಂದಿತ್ತು. ಮರುದಿನವೇ ಅವನು ಮುದ್ದಾದ ಅಕ್ಷರದಲ್ಲಿ ಬೋರ್ಡು ಬರೆಸಿದ್ದ: ಜೊತೆಗೆ ಸಂಬಂಧಿಕರಿಲ್ಲದ ರೋಗಿಗಳಿಗೆ ಪರೀಕ್ಷೆ ಇಲ್ಲ. ಅಂದಿನಿಂದ ಎಷ್ಟೋ ಜನರನ್ನು ವಾಪಸು ಕಳಿಸಿದ್ದ. ಈ ಊರಿನಲ್ಲಿ ನನಗೆ ಯಾರೂ ಇಲ್ಲ ಎಂದು ಕೈಮುಗಿದವರಿಗೆ, ಯಾರೂ ಇಲ್ಲದ ಮನುಷ್ಯ ಇರುತ್ತಾನೇನ್ರೀ, ಹುಡುಕಿ ಕರ್ಕೊಂಡು ಬನ್ನಿ ಎಂದು ಬುದ್ಧಿ ಹೇಳಿದ್ದ.

ಈಗ ಹುಡುಕುವ ಸರದಿ ಅವನದು. ಆಸ್ಪತ್ರೆಯವರನ್ನು ಕೇಳುವಂತಿರಲಿಲ್ಲ, ಸಂಬಂಧಿಕರೇ ಬೇಕೆಂದು ಅವನು ಹಟ ಹಿಡಿದದ್ದು ಅವರೆಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಮನೆಗೆ ಮರಳುತ್ತ ತನ್ನ ಮೊಬೈಲಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ನೋಡಿದ. ಗ್ಯಾಸು, ಪ್ಲಂಬರು, ಯಂತ್ರ ರಿಪೇರಿಯವನು, ಹರಿಹರದ ತಂಗಿ. ಎರಡು ಗಂಟೆಯೊಳಗೆ ಹರಿಹರದಿಂದ ಬರಲಾಗದು.

ಉಳಿದದ್ದು ಮಹಡಿಯ ಮನೆ. ಅಲ್ಲಿ ಈಶ್ವರಪ್ಪ ಮತ್ತು ಗಿರಿಜಮ್ಮ ಇದ್ದರು, ತುಮಕೂರಿನ ಕಡೆಯವರು. ಈಶ್ವರಪ್ಪನಿಗೆ ಯಾವುದೋ ಸಚಿವಾಲಯದಲ್ಲಿ ಕೆಲಸ. ಒಂದೇ ಭಾಷೆಯವರು ಎಂಬ ಕಾರಣಕ್ಕೆ ಮೊದಲ ದೀಪಾವಳಿಗೆ ಹೋಳಿಗೆ ಕೊಟ್ಟಿದ್ದರು, ಆಮೇಲೆ ನೀರಿನ ಮೋಟಾರಿನ ವಿಷಯಕ್ಕೆ ಮುಖ ಗಂಟಿಕ್ಕಿಕೊಂಡಿದ್ದರು. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ದೇವೇಂದ್ರಪ್ಪ ಆ ಮೆಟ್ಟಿಲು ಹತ್ತಿದ.

ಬಾಗಿಲು ತೆರೆದ ಗಿರಿಜಮ್ಮ, “ನೀರು ಬರ್ತಿಲ್ವಾ?” ಎಂದರು. ಕೆಳಗಿನವರು ಮೇಲೆ ಬರುವುದಕ್ಕೆ ಆ ಬ್ಲಾಕಿನಲ್ಲಿ ಬೇರೆ ಕಾರಣ ಇರಲಿಲ್ಲ.

“ನೀರಲ್ಲ ಅಕ್ಕಾ. ಆಸ್ಪತ್ರೆಗೆ ನನ್ನ ಜೊತೆ ಯಾರಾದ್ರೂ ಬರ್ಬೇಕಿತ್ತು.”

ಅವರು ಒಳಗೆ ಕೂರಿಸಿ ಏನಾಗಿದೆ ಎಂದು ಕೇಳಿದರು. ಇಲ್ಲಿ ದೇವೇಂದ್ರಪ್ಪ ತಪ್ಪು ಮಾಡಿದ. ವಿಜ್ಞಾನದ ಮನುಷ್ಯನಾದ್ದರಿಂದ ಏನನ್ನೂ ಮುಚ್ಚಿಡದೆ ನಾಲ್ಕೂ ಕಾರಣಗಳನ್ನು ಕ್ರಮವಾಗಿ ವಿವರಿಸಿದ. ಮೊದಲ ಮೂರರ ಸಾಧ್ಯತೆ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಎಂದೂ ಒತ್ತಿ ಹೇಳಿದ. ಗಿರಿಜಮ್ಮ ಮೊದಲ ಮೂರನ್ನು ಕೇಳುವಾಗ ಬೀನ್ಸಿನ ನಾರು ತೆಗೆಯುತ್ತಿದ್ದರು. ನಾಲ್ಕನೆಯದಕ್ಕೆ ಬೀನ್ಸು ಕೆಳಗಿಟ್ಟರು.

ಅವರು ಗಂಡನಿಗೆ ಫೋನು ಮಾಡಿದರು. ಬಾಲ್ಕನಿಗೆ ಹೋಗಿ ಎದುರು ಮಹಡಿಯ ಭಟ್ನಾಗರ್ ಸಾಹೇಬರಿಗೆ ಕೂಗಿ ಹೇಳಿದರು. ದೇವೇಂದ್ರಪ್ಪ ಮೆಟ್ಟಿಲಿಳಿದು ತನ್ನ ಮನೆ ಬಾಗಿಲು ತೆರೆಯುವಷ್ಟರಲ್ಲಿ ನಾಲ್ಕನೆಯ ಕಾರಣ ಒಂದೇ ಕಾರಣವಾಗಿತ್ತು. ಹನ್ನೆರಡಕ್ಕೆ ಬ್ಲಾಕಿನವರ ಬಾಯಲ್ಲಿ ಅವನ ಬಲಗೈ ಬಿದ್ದುಹೋಗಿತ್ತು. ಹನ್ನೆರಡೂವರೆಗೆ ಮರದಡಿಯ ಇಸ್ತ್ರಿ ಭಯ್ಯಾ ಬಟ್ಟೆ ತಾನೇ ಮನೆಗೆ ತಂದುಕೊಟ್ಟು, ಕಾಲಿನಲ್ಲಾದರೂ ಜೀವ ಇದೆಯೇ ಎಂದು ಮೆಲ್ಲಗೆ ವಿಚಾರಿಸಿದ. ದೇವೇಂದ್ರಪ್ಪ ಎದ್ದು ನಿಂತು ತೋರಿಸಿದ. ಎಂಥ ಧೈರ್ಯ ನಿಮ್ಮದು ಎಂದು ಅವನು ಕಣ್ಣೊರೆಸಿಕೊಂಡ.

ಈಶ್ವರಪ್ಪ ಅರ್ಧ ದಿನದ ರಜೆ ಹಾಕಿ ಓಡಿಬಂದರು. ಹಿಂದೆಯೇ ಭಟ್ನಾಗರ್ ಸಾಹೇಬರು ಮಫ್ಲರ್ ಸುತ್ತಿಕೊಂಡು ಬಂದು, ತಮ್ಮ ಮಾರುತಿ ಕಾರಿನಲ್ಲೇ ಹೋಗೋಣ, ಆಟೋದ ಕುಲುಕಾಟ ನರಗಳಿಗೆ ಒಳ್ಳೆಯದಲ್ಲ ಎಂದರು. ಗಿರಿಜಮ್ಮ ಬಿಸಿ ಅನ್ನ ಸಾರು ತಂದು, ಅವನು ಬೇಡ ಬೇಡವೆಂದರೂ ಕೇಳದೆ, ಚಮಚ ಹಾಕಿಕೊಟ್ಟರು. ದೇವೇಂದ್ರಪ್ಪ ಬೇಕೆಂದೇ ಎರಡು ಸಲ ಚಮಚ ಜಾರಿಸಿದ. ಮೂರನೆಯ ಸಲ ಗಿರಿಜಮ್ಮನೇ ಕಲಸಿಕೊಟ್ಟರು. ತಾನು ಸಾಯಬಹುದು ಎಂಬ ಭಯ ಎದೆಯಲ್ಲಿ ಇದ್ದ ಜಾಗದಲ್ಲೇ ಇತ್ತು. ಆದರೆ ಅದರ ಪಕ್ಕದಲ್ಲೇ ಬೇರೇನೋ ಒಂದು ಬಂದು ಕುಳಿತಿತ್ತು. ಈ ಮನೆಯಲ್ಲಿ ಒಂದೇ ಹೊತ್ತಿಗೆ ನಾಲ್ಕು ಜನ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ಕುರ್ಚಿ ಸಾಲದೆ ಭಟ್ನಾಗರ್ ಸಾಹೇಬರು ಟ್ರಂಕಿನ ಮೇಲೆ ಕೂತಿದ್ದರು.

ಆಸ್ಪತ್ರೆಯಲ್ಲಿ ಫಾರಮ್ಮು ಬಂತು. ಸಂಬಂಧ ಎಂಬ ಖಾನೆಯ ಮುಂದೆ ಗಿರಿಜಮ್ಮ ಪೆನ್ನು ಹಿಡಿದು ನಿಂತರು. ನೆರೆಯವರು ಎಂದು ಬರೆದರೆ ನಡೆಯುವುದಿಲ್ಲವೆಂದು ದೇವೇಂದ್ರಪ್ಪನೇ ತಲೆ ತಗ್ಗಿಸಿ ಹೇಳಬೇಕಾಯಿತು.

“ಅಕ್ಕ ಅಂತ ಬರೀತೀನಿ ಬಿಡಿ. ಬೆಳಿಗ್ಗೆ ನೀವೇ ಕರೆದ್ರಲ್ಲ,” ಎಂದು ಅವರು ಸರಸರ ಬರೆದು ಸಹಿ ಹಾಕಿದರು.

ಸಂಯುಕ್ತಾ ಸೂಜಿ ಹಾಕಿದಳು. ಈ ಸಲ ಗ್ರೌಂಡ್ ತಂತಿಯನ್ನು ದೇವೇಂದ್ರಪ್ಪ ಮೂರು ಬಾರಿ ನೋಡಿಕೊಂಡಿದ್ದ. ಮಂಚದ ಎಡಗಡೆ ಗಿರಿಜಮ್ಮ ಸ್ಟೂಲು ಎಳೆದುಕೊಂಡು ಕೂತು ಅವನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಹತ್ತೊಂಬತ್ತು ವರ್ಷಗಳಲ್ಲಿ ಅವನು ಸಾವಿರಾರು ಕೈಗಳನ್ನು ಹಿಡಿದಿದ್ದ. ತನ್ನ ಕೈಯನ್ನು ಯಾರಾದರೂ ಹಿಡಿದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೊರಟು ಬಿಟ್ಟುಬಿಟ್ಟ.

ಸ್ಪೀಕರಿನಲ್ಲಿ ಸದ್ದಿಲ್ಲ. ಗೆರೆ ಬೆಳಗಿನ ಕೆರೆಯ ನೀರಿನಂತೆ ಮಟ್ಟಸವಾಗಿತ್ತು. ತಗಡಿನ ಸೂರೂ ಇಲ್ಲ, ಹನಿಯೂ ಇಲ್ಲ. ಬೆಳಿಗ್ಗೆಯಿಂದ ಕುಣಿದ ಹೆಬ್ಬೆರಳು ಈಗ ಮೇಷ್ಟ್ರ ಮುಂದೆ ನಿಂತ ತುಂಟ ಹುಡುಗನಂತೆ ಕೈಕಟ್ಟಿ ನಿಂತುಬಿಟ್ಟಿತ್ತು. ಸಂಯುಕ್ತಾ ಕಾದಳು. ಹತ್ತು ನಿಮಿಷ ಕಳೆಯಿತು.

“ಬೆಳಿಗ್ಗೆ ನಿಮಿಷಕ್ಕೆ ಹನ್ನೊಂದಿತ್ತು ಮೇಡಂ,” ಎಂದ ದೇವೇಂದ್ರಪ್ಪ, ಸುಳ್ಳು ಹೇಳಿ ಸಿಕ್ಕಿಬಿದ್ದವನ ದನಿಯಲ್ಲಿ.

ಗಿರಿಜಮ್ಮ, ಸೂಜಿ ಚುಚ್ಚಿದ್ದು ಆಯಿತೆಂದು ಹೊರಗಿದ್ದವರಿಗೆ ತಿಳಿಸಲು ಕೈ ಬಿಟ್ಟು ಎದ್ದು ಹೋದರು. ಬಾಗಿಲು ಮುಚ್ಚಿಕೊಂಡ ಅರ್ಧ ನಿಮಿಷಕ್ಕೆ ಸ್ಪೀಕರು ಒಗ್ಗರಣೆಯ ಸಾಸಿವೆ ಸಿಡಿದಂತೆ ಟಪ್ ಎಂದಿತು. ಮತ್ತೊಮ್ಮೆ ಟಪ್. ಸಂಯುಕ್ತಾ ಗೆರೆಯನ್ನು ನಿಲ್ಲಿಸಿ, ಹಿಗ್ಗಿಸಿ ನೋಡಿದಳು. ತೋಳು, ಭುಜ, ಕಾಲು ಎಲ್ಲ ಕಡೆ ಸೂಜಿ ಹಾಕಿ ಮುಗಿಸಿ, ಹತ್ತಿ ಒತ್ತಿ, ನಕ್ಕಳು.

“ಏನೂ ಇಲ್ಲ. ಪೂರ್ತಿ ನಾರ್ಮಲ್. ಹೊಸ ಯಂತ್ರದ ಮೌಸು ಬಿಗಿ ಇದೆಯಲ್ಲ, ದಿನಕ್ಕೆ ಎರಡು ಸಾವಿರ ಸಲ ಅದನ್ನ ಒತ್ತಿದ್ರೆ ಇನ್ನೇನಾಗುತ್ತೆ? ಟೀ ಎಷ್ಟು ಕುಡೀತೀರಿ?”

“ಒಂಬತ್ತು.”

“ಮನೇಲಿ ಯಾರಿದ್ದಾರೆ, ಬೇಡ ಅನ್ನೋಕೆ?”

ಅವನು ಅಂಗಿಯ ಗುಂಡಿ ಹಾಕಿಕೊಂಡ. ಬದುಕಿದೆ ಎಂಬ ಸಮಾಧಾನಕ್ಕೆ ಕಣ್ಣು ಮಂಜಾಯಿತು. ಈ ಸುದ್ದಿಯನ್ನು ಕೂಗಿ ಹೇಳಬೇಕೆಂದುಕೊಂಡು ಬಾಗಿಲು ತೆರೆದ.

ಬೆಂಚಿನ ಮೇಲೆ ಕೂತಿದ್ದ ಮೂವರೂ ಒಟ್ಟಿಗೇ ಎದ್ದು ನಿಂತರು. ಈಶ್ವರಪ್ಪ ಅವನ ಸ್ವೆಟರು ಹಿಡಿದಿದ್ದರು. ಭಟ್ನಾಗರ್ ಸಾಹೇಬರು ಏನೋ ಕಾಗದ ಮಡಚಿ ಜೇಬಿಗಿಟ್ಟು ಅವನ ತೋಳು ಹಿಡಿದುಕೊಂಡರು. ಮೂರು ಮುಖಗಳೂ ಅವನನ್ನೇ ನೋಡುತ್ತಿದ್ದವು. ದೇವೇಂದ್ರಪ್ಪನಿಗೆ ಮುಂದಿನದು ಸ್ಪಷ್ಟವಾಗಿ ಕಂಡಿತು. ನಾರ್ಮಲ್ ಎಂದ ತಕ್ಷಣ ಮೂವರೂ ಸಂತೋಷಪಡುತ್ತಾರೆ, ಬೆನ್ನು ತಟ್ಟುತ್ತಾರೆ, ಮನೆಗೆ ಬಿಡುತ್ತಾರೆ. ಆಮೇಲೆ ಮೇಲಿನವರು ಮೇಲೆ ಹೋಗುತ್ತಾರೆ, ಎದುರಿನವರು ಎದುರಿಗೆ ಹೋಗುತ್ತಾರೆ.

“ಏನಂದ್ರು?” ಎಂದರು ಈಶ್ವರಪ್ಪ.

“ರಿಪೋರ್ಟು ಬರೋಕೆ ಹದಿನೈದು ದಿನ ಆಗುತ್ತಂತೆ,” ಎಂದ ದೇವೇಂದ್ರಪ್ಪ. ಹತ್ತೊಂಬತ್ತು ವರ್ಷಗಳಲ್ಲಿ ಅವನು ಒಂದು ಮಿಲಿಮೀಟರು ಸುಳ್ಳು ಬರೆದವನಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ಮುಂದಿನ ಅಂಗಳದಲ್ಲಿ ಇಳಿಬಿಸಿಲಿತ್ತು. ಅವನನ್ನು ಮಂಚದ ಮೇಲೆ ಮಲಗಿಸಿ, ರಜಾಯಿ ಹೊದಿಸಿ, ಏಳಕೂಡದೆಂದು ಆಜ್ಞೆ ಮಾಡಿದರು. ಅವನು ಕಣ್ಣು ಮುಚ್ಚಿಕೊಂಡ. ನಿದ್ದೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮನೆಯೊಳಗೆ ಬೇರೆಯವರ ಕಾಲಸಪ್ಪಳ ಓಡಾಡುತ್ತಿತ್ತು. ಅಡುಗೆಮನೆಯಲ್ಲಿ ಯಾರೋ ಲೋಟ ಸರಿಸಿದರು. ಹದಿನೈದು ದಿನಕ್ಕೆ ಇಷ್ಟು ಸಾಕು ಎಂದುಕೊಂಡ. ಹದಿನಾರನೆಯ ದಿನದ ಬಗ್ಗೆ ಆಮೇಲೆ ಯೋಚಿಸಬಹುದು.

ಸ್ವಲ್ಪ ಹೊತ್ತಿಗೆ ಕಿಟಕಿಯ ಬಳಿ ಪಿಸುಮಾತು ಕೇಳಿಸಿತು.

“ಅಗಲ ನಲವತ್ತಾರು, ಬರ್ಕೊಳ್ಳಿ,” ಎಂದರು ಗಿರಿಜಮ್ಮ.

“ಮೆಲ್ಲಗೆ ಹೇಳೇ, ಎದ್ದಾರು.” ಇದು ಈಶ್ವರಪ್ಪ.

“ಭಟ್ನಾಗರ್ ಏನಂತಾರೆ?”

“ಏನಂತಾರೆ, ಆಸ್ಪತ್ರೆ ಬೆಂಚಿನ ಮೇಲೆ ಕೂತ್ಕೊಂಡೇ ಅರ್ಜಿ ಬರೆದ್ರು. ನಾನೂ ಪಕ್ಕದಲ್ಲೇ ಕೂತು ಬರೆದೆ. ಅವರು ಸರ್ವೀಸಿಗೆ ಸೇರಿದ್ದು ಎಂಬತ್ತೇಳರಲ್ಲಿ, ನಾನು ಎಂಬತ್ತೈದರಲ್ಲಿ. ಪಾಪ, ಇವರು ವಾಲಂಟರಿ ರಿಟೈರ್‌ಮೆಂಟು ತಗೊಂಡು ಊರಿಗೆ ಹೋದ್ರೆ, ಇದು ನಮಗೇ ಬರೋದು.”

ದೇವೇಂದ್ರಪ್ಪ ರಜಾಯಿಯ ಅಂಚಿನಿಂದ ಒಂದು ಕಣ್ಣು ತೆರೆದ. ಗಿರಿಜಮ್ಮ ಅವನ ಕುರ್ಚಿಯ ಮೇಲೆ ನಿಂತು ಕಿಟಕಿಗೆ ಟೇಪು ಹಿಡಿದಿದ್ದರು. ಈಶ್ವರಪ್ಪ ಬರೆದುಕೊಳ್ಳುತ್ತಿದ್ದರು.

ಅವನಿಗೆ ಅರ್ಥವಾಗಲು ವಿವರಣೆ ಬೇಕಿರಲಿಲ್ಲ. ಆ ಕಾಲೊನಿಯಲ್ಲಿ ಮಹಡಿಯವರೆಲ್ಲರ ಆಸೆ ಒಂದೇ: ಅಂಗಳವಿರುವ ಕೆಳಗಿನ ಮನೆ. ಒಂದು ಕೆಳಮನೆ ಖಾಲಿಯಾದರೆ, ಅರ್ಜಿ ಹಾಕಿದವರಲ್ಲಿ ಯಾರ ಸರ್ವೀಸು ಹೆಚ್ಚೋ ಅವರಿಗೆ ಅದು. ಹಾಗಾಗಿ ಯಾರಿಗೆ ವರ್ಗವಾಗುತ್ತದೆ, ಯಾರು ನಿವೃತ್ತರಾಗುತ್ತಾರೆ, ಯಾರಿಗೆ ಎದೆನೋವು ಬಂದಿದೆ ಎಂಬುದನ್ನು ಎಲ್ಲರೂ ಹವಾಮಾನದಂತೆ ಗಮನಿಸುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಈ ಮನೆಯಲ್ಲಿದ್ದ ಅಲ್ಮೋರಾದ ಗುಮಾಸ್ತರಿಗೆ ಲಕ್ವ ಹೊಡೆದಾಗ ಬೇರೊಂದು ಬ್ಲಾಕಿನ ಮಹಡಿಯಲ್ಲಿದ್ದ ದೇವೇಂದ್ರಪ್ಪನೂ ಆರು ಕಿತ್ತಳೆಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದ. ಅವರ ಮಂಚದ ಪಕ್ಕದಲ್ಲಿ ಕೂತು, ಅಡುಗೆಮನೆಯ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿದ್ದ.

ಎದ್ದು ಕೂತು, ನನಗೇನೂ ಆಗಿಲ್ಲ, ಪೂರ್ತಿ ನಾರ್ಮಲ್ ಎಂದು ಹೇಳಿಬಿಡಬಹುದಿತ್ತು. ಒಂದೇ ಮಾತು. ಆ ಮಾತಿಗೆ ಕುರ್ಚಿ ಅದರ ಜಾಗಕ್ಕೆ ಹೋಗುತ್ತಿತ್ತು, ಟೇಪು ಸುತ್ತಿಕೊಳ್ಳುತ್ತಿತ್ತು, ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

“ನಲವತ್ತಾರು ಇರಲ್ಲ,” ಎಂದ ದೇವೇಂದ್ರಪ್ಪ.

ಗಿರಿಜಮ್ಮ ಕುರ್ಚಿಯಿಂದ ಬೀಳುವುದೊಂದು ಬಾಕಿ. ಈಶ್ವರಪ್ಪ ಕಾಗದವನ್ನು ಬೆನ್ನ ಹಿಂದೆ ಸರಿಸಿ, ಗಾಳಿ ಬರ್ತಿತ್ತು, ನಿಮಗೇ ಒಂದು ಪರದೆ ಹಾಕ್ಸೋಣ ಅಂತ, ಎಂದು ತಡವರಿಸಿದರು. ದೇವೇಂದ್ರಪ್ಪ ನಂಬಿದವನಂತೆ ತಲೆಯಾಡಿಸಿ, ರಜಾಯಿ ಸರಿಸಿ ಎದ್ದು ಕಿಟಕಿಯ ಬಳಿ ಬಂದ.

“ಟೇಪು ಓರೆಯಾಗಿದೆ ಅಕ್ಕಾ. ಒಬ್ಬರೇ ಅಳೆದ್ರೆ ಹಾಗೇ ಆಗೋದು. ಇನ್ನೊಂದು ತುದಿ ನಾನು ಹಿಡ್ಕೋತೀನಿ.”

ಅವರು ಅನುಮಾನದಿಂದ ಅವನನ್ನು ನೋಡಿದರು. ಕೊನೆಗೆ ಟೇಪಿನ ತುದಿ ಕೊಟ್ಟರು. ನಲವತ್ತಾರೂಕಾಲು ಬಂತು.

“ರಿಪೋರ್ಟು ಹದಿನೈದು ದಿನ ಅಂದ್ರಲ್ವಾ?” ಎಂದರು ಗಿರಿಜಮ್ಮ, ಇಳಿಯುತ್ತ.

“ಹೌದು.”

“ಟೈಲರೂ ಅಷ್ಟೇ ದಿನ ಕೇಳ್ತಾನೆ.”

“ಇಳೀಬೇಡಿ,” ಎಂದ ದೇವೇಂದ್ರಪ್ಪ. “ಯಾವ ಅಳತೆಯಾದ್ರೂ ಒಂದು ಸಲಕ್ಕೆ ನಂಬಬಾರ್ದು. ಮೂರು ಸಲ ತೆಗೆದು ಸರಾಸರಿ ಹಿಡೀಬೇಕು. ನಮ್ಮ ಡಿಪಾರ್ಟ್‌ಮೆಂಟಲ್ಲಿ ಹಾಗೇ.”

ಗಿರಿಜಮ್ಮ ನಿಟ್ಟುಸಿರು ಬಿಟ್ಟು, ಮೇಲೆ ಹೋಗಿ ಫ್ಲಾಸ್ಕಿನಲ್ಲಿ ಟೀ ತರುವಂತೆ ಗಂಡನಿಗೆ ಹೇಳಿ, ಮತ್ತೆ ಕುರ್ಚಿ ಹತ್ತಿದರು. ಮನೆಯಲ್ಲಿ ಇನ್ನೂ ನಾಲ್ಕು ಕಿಟಕಿಗಳಿದ್ದವು.